ಗೊಜ್ಜಾಮಿನಲ್ಲಿ ಚೆಕ್ಕುಬಂದಿ ತಾಳೆ: ನನ್ನ ಅನುಭವ

‘ಚೆಕ್ಕುಬಂದಿ ನಂಬ್ಕೊಂಡು ನಕ್ಷೆ ಮಾಡ್ತೀರಾ? ಬಿಡಿ ಸಾರ್’ ಅಂತ ನಕ್ಕಿದ್ದ ನಮ್ಮ ತಂಡದ ಇಬ್ಬರು ಈಗ ಬೇರೆ ದೇಶದಲ್ಲಿ ಚೆಕ್ಕುಬಂದಿ ತಾಳೆ ಹಾಕುವ ನನ್ನ ಎಕ್ಸೆಲ್ ಹಾಳೆಯನ್ನು ತಮ್ಮದೇ ಎಂಬಂತೆ ಬಳಸುತ್ತಿದ್ದಾರಂತೆ. ಬಳಸಲಿ. ಆದರೆ ಅದು ಹುಟ್ಟಿದ್ದು ಹೇಗೆ ಅನ್ನುವುದನ್ನು ನಾನೇ ಬರೆದಿಟ್ಟರೆ ವಾಸಿ. ಚೆಕ್ಕುಬಂದಿ ಅಂದರೆ ಒಂದು ಜಮೀನಿನ ನಾಲ್ಕೂ ದಿಕ್ಕಿಗೆ ಯಾರದು, ಏನಿದೆ ಅನ್ನುವ ವಿವರ.

ನಾನು ಮೂಲತಃ ಸರಪಳಿ ಹಿಡಿದವನು, ಅಂದರೆ ಭೂಮಾಪಕ. ಟಿಪ್ಪಣಿ, ಹಿಸ್ಸಾ, ಪೋಡಿ, ಅಂದರೆ ಜಮೀನು ಅಳೆದು ಪಾಲು ಬಿಡಿಸುವ ಕೆಲಸ, ಮಾಡಿಯೇ ಹನ್ನೆರಡು ವರ್ಷ ಕಳೆದೆ. ಆಮೇಲೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ಕಲಿತು, 2014ರ ಕೊನೆಯಲ್ಲಿ ಗುತ್ತಿಗೆಯ ಮೇಲೆ ಇಥಿಯೋಪಿಯಾಕ್ಕೆ ಹೋದೆ. ಅಮ್ಹಾರಾ ಪ್ರಾಂತ್ಯದ ಪೂರ್ವ ಗೊಜ್ಜಾಮ್. ವೊರೆಡಾ ಅಂದರೆ ನಮ್ಮ ತಾಲ್ಲೂಕು, ಕೆಬೆಲೆ ಅಂದರೆ ಹೆಚ್ಚುಕಡಿಮೆ ಪಂಚಾಯಿತಿ ಅಂತಿಟ್ಟುಕೊಳ್ಳಿ. ನಮ್ಮಲ್ಲಿ 1974ರಲ್ಲಿ ‘ಉಳುವವನೇ ಒಡೆಯ’ ಆಯಿತಲ್ಲ, ಮರುವರ್ಷ ಮಾರ್ಚಿನಲ್ಲಿ ಅಲ್ಲೂ ಅದೇ ಘೋಷಣೆ. ವ್ಯತ್ಯಾಸ ಏನೆಂದರೆ ಅಲ್ಲಿ ಜಮೀನೆಲ್ಲ ಸರ್ಕಾರದ್ದಾಯಿತು, ಇವತ್ತಿಗೂ ಹಾಗೇ ಇದೆ. ರೈತ ಉಳಬಹುದು, ಮಕ್ಕಳಿಗೆ ಬಿಡಬಹುದು, ಗುತ್ತಿಗೆಗೆ ಕೊಡಬಹುದು, ಮಾರುವ ಹಾಗಿಲ್ಲ. ಹಾಗಾಗಿ ಅಲ್ಲಿ ಕೊಡುವ ಪತ್ರ ಒಡೆತನದ್ದಲ್ಲ, ಅನುಭವದ ಹಕ್ಕಿನದು.

ಮೊದಲ ಹಂತದ ಪತ್ರಗಳನ್ನು ಈ ಭಾಗದಲ್ಲಿ 2003ರ ಸುಮಾರಿಗೆ ಕೊಡಲು ಶುರು ಮಾಡಿದ್ದರು. ಹಸಿರು ಪುಸ್ತಕ. ಅದರಲ್ಲಿ ಗಂಡ ಹೆಂಡತಿ ಇಬ್ಬರ ಫೋಟೋ, ಹಗ್ಗ ಹಿಡಿದು ಅಳೆದ ವಿಸ್ತೀರ್ಣ, ನಾಲ್ಕೂ ದಿಕ್ಕಿನ ನೆರೆಯವರ ಹೆಸರು. ನಕ್ಷೆ ಇಲ್ಲ. ನಾವು ಹೋಗಿದ್ದು ಎರಡನೇ ಹಂತಕ್ಕೆ, ಅಂದರೆ ಪ್ರತಿ ತುಂಡಿಗೂ ನಕ್ಷೆ ಹಾಕಿಕೊಡುವುದಕ್ಕೆ.

ಮೊದಲ ಕೆಬೆಲೆಯಲ್ಲಿ ಮಣ್ಣು ಮುಕ್ಕಿದೆವು. ಒಂದು ತಂಡಕ್ಕೆ ಕೈ ಜಿಪಿಎಸ್ ಕೊಟ್ಟು ಕಳಿಸಿದೆ. ಅದರ ತಪ್ಪೇ ನಾಲ್ಕೈದು ಮೀಟರ್, ಅಲ್ಲಿಯ ಪಟ್ಟಿ ಹೊಲದ ಅಗಲ ಹನ್ನೆರಡು ಮೀಟರ್. ಸಾಲದ್ದಕ್ಕೆ ಆ ದೇಶದ ಹಳೆಯ ನಕ್ಷೆಗಳು ಅಕ್ಷಾಂಶ ರೇಖಾಂಶ ಲೆಕ್ಕ ಹಾಕುವ ಆಧಾರ ಅದಿಂದಾನ್ ಅನ್ನುವುದು, ನನ್ನ ಹುಡುಗರು ಯಂತ್ರವನ್ನು ಜಿಪಿಎಸ್ಸಿನ ಮಾಮೂಲಿ ಆಧಾರವಾದ ಡಬ್ಲ್ಯುಜಿಎಸ್‌ನಲ್ಲೇ ಬಿಟ್ಟಿದ್ದರು. ಸುಮಾರು ಇನ್ನೂರು ಮೀಟರ್ ಜಾರಿ, ಚರ್ಚಿನ ಸ್ಮಶಾನವೆಲ್ಲ ಯಾರದೋ ತೆಫ್ (ಅಲ್ಲಿಯ ಮುಖ್ಯ ಧಾನ್ಯ) ಹೊಲದೊಳಗೆ ಬಂದು ಕೂತಿತ್ತು. ತಪ್ಪು ನನ್ನದೇ, ಹೊರಡುವ ಮುಂಚೆ ನೋಡಬೇಕಿತ್ತು. ಮೂರು ವಾರದ ಕೆಲಸ, ನೆನಪಿದ್ದಂತೆ 90,000 ಬಿರ್, ಎಲ್ಲ ನೀರಿಗೆ. ಆಗ ಒಂದು ಬಿರ್‌ಗೆ ಮೂರು ರೂಪಾಯಿ ಲೆಕ್ಕ ಹಾಕಿಕೊಳ್ಳಿ. ಅದರಲ್ಲಿ ಒಂದು ಭಾಗವನ್ನು ನನ್ನ ಬಿಲ್ಲಿನಲ್ಲೇ ಮುರಿದುಕೊಂಡರು.

ಆಮೇಲೆ ಎಲ್ಲರೂ ಮಾಡುವ ದಾರಿಗೆ ಬಂದೆವು. ಆರ್ಥೋಫೋಟೋ, ಅಂದರೆ ಮೇಲಿನಿಂದ ತೆಗೆದು ಅಳತೆಗೆ ಸರಿಪಡಿಸಿದ ಚಿತ್ರ, ಮುದ್ರಿಸಿ, ಕೆಬೆಲೆಯ ಭೂಸಮಿತಿಯವರನ್ನೂ ಅಕ್ಕಪಕ್ಕದವರನ್ನೂ ಕರೆದು, ಬದುವಿನ ಮೇಲೆ ನಡೆದು ಪೆನ್ನಿನಲ್ಲಿ ಗೆರೆ ಎಳೆಯುವುದು. ಚೆನ್ನಾಗಿಯೇ ನಡೆಯುತ್ತದೆ. ಆದರೆ ಒಂದು ತಂಡ ದಿನಕ್ಕೆ 25, ಬಹಳ ಅಂದರೆ 30 ತುಂಡು. ಜೀಪಿನ ಬಾಡಿಗೆಯೇ ದಿನಕ್ಕೆ 1,500 ಬಿರ್, ಹುಡುಗರ ಭತ್ಯೆ ಬೇರೆ. ಜೂನ್ ಬಂದರೆ ಕಿರೆಮ್ತ್, ಅಂದರೆ ಅಲ್ಲಿಯ ಮಳೆಗಾಲ. ಆ ಕಪ್ಪುಮಣ್ಣಿನಲ್ಲಿ ಸೆಪ್ಟೆಂಬರ್ ತನಕ ಜೀಪು ಅಲ್ಲಾಡುವುದಿಲ್ಲ. ತುಂಡಿಗೆ 190 ಬಿರ್ ಹತ್ತಿರ ಬೀಳುತ್ತಿತ್ತು. ಗುತ್ತಿಗೆಯಲ್ಲಿ ಒಪ್ಪಿಕೊಂಡಿದ್ದು ಅದಕ್ಕಿಂತ ಕಡಿಮೆ.

ಒಂದು ರಾತ್ರಿ ಆ ಹಸಿರು ಪುಸ್ತಕದ ರಿಜಿಸ್ಟರು ತಿರುವಿ ಹಾಕುತ್ತಿದ್ದಾಗ ಹೊಳೆಯಿತು. ಇದು ನಮ್ಮ ಕ್ರಯಪತ್ರದ ಚೆಕ್ಕುಬಂದಿಯೇ ಅಲ್ಲವೇ? ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಇಂಥವರದು. ನನ್ನ ಪೂರ್ವಕ್ಕೆ ನೀನಿದ್ದರೆ ನಿನ್ನ ಪಶ್ಚಿಮಕ್ಕೆ ನಾನಿರಲೇಬೇಕು. ಹಾಗಾದರೆ ಇಡೀ ಕೆಬೆಲೆಯ ಚೆಕ್ಕುಬಂದಿಯನ್ನು ಎಕ್ಸೆಲ್‌ಗೆ ಏರಿಸಿ ಒಂದಕ್ಕೊಂದು ತಾಳೆ ಹಾಕಿದರೆ? ಫೋಟೋದಲ್ಲಿ ಕಾಣುವ ಬದುಗಳನ್ನು ನಕ್ಷೆ ತಂತ್ರಾಂಶವಾದ ಕ್ಯುಜಿಐಎಸ್‌ನಲ್ಲಿ ಮೊದಲೇ ಎಳೆದಿಟ್ಟು, ಚರ್ಚು, ಹಳ್ಳ, ರಸ್ತೆ ಪಕ್ಕದ ತುಂಡುಗಳಿಂದ ಶುರು ಮಾಡಿ ಪದಬಂಧ ತುಂಬಿದ ಹಾಗೆ ಹೆಸರು ಕೂರಿಸುತ್ತಾ ಹೋಗುವುದು. ಹೊಲಕ್ಕೆ ಹೋಗುವಾಗ ಹಾಳೆ ಖಾಲಿ ಇರುವುದಿಲ್ಲ, ಮುಕ್ಕಾಲು ಭಾಗ ತುಂಬಿರುತ್ತದೆ. ಸಮಿತಿಯವರು ನಿಂತು ‘ಹೌದು’ ಅಂದರೆ ಮುಂದಕ್ಕೆ, ‘ಅಲ್ಲ’ ಅಂದರೆ ಅಲ್ಲಿ ಮಾತ್ರ ನಡೆಯುವುದು. ನಮ್ಮವರು ನಕ್ಕಿದ್ದು ಇದಕ್ಕೇ.

ಮೊದಲ ತಾಳೆಯಲ್ಲಿ ನಗುವಂತೆಯೇ ಆಯಿತು ಅನ್ನಿ. ಸುಮಾರು 4,300 ತುಂಡು, ತಾಳೆಯಾದದ್ದು ನೂರಕ್ಕೆ 38. ಕಾರಣ ಹುಡುಕಲು ವಾರ ಹಿಡಿಯಿತು. ಅಮ್ಹಾರಿಕ್ ಲಿಪಿಯಲ್ಲಿ ‘ಹ’ ಸದ್ದಿಗೆ ಮೂರು ಅಕ್ಷರ, ‘ಸ’ಕ್ಕೆ ಎರಡು, ‘ಅ’ಕ್ಕೆ ಎರಡು. ನಮ್ಮಲ್ಲಿ ಶ, ಷ ಗಲಾಟೆ ಇದೆಯಲ್ಲ, ಅದರ ಅಪ್ಪ. ಒಬ್ಬನ ಹೆಸರನ್ನೇ ಒಬ್ಬ ಗುಮಾಸ್ತ ಒಂದು ಥರ ಬರೆದರೆ ಇನ್ನೊಬ್ಬ ಇನ್ನೊಂದು ಥರ. ಒಂದು ಸದ್ದಿಗೆ ಒಂದೇ ಅಕ್ಷರ ಮಾಡಿದ ತಕ್ಷಣ 60 ದಾಟಿತು. ಅಲ್ಲಿಂದ 74ಕ್ಕೆ ಏರಿಸಿದ್ದು ಅಡ್ಡಹೆಸರು, ತೀರಿಕೊಂಡವರ ಮಕ್ಕಳ ಹೆಸರು ಇವುಗಳನ್ನು ಹೊಂದಿಸುವ ಒಂದು ಸೂತ್ರ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎರಡು ವರ್ಷದ ನಿದ್ದೆ ಕೊಟ್ಟು ಕೊಂಡದ್ದು.

ತಾರೀಖಿನದು ಬೇರೆ ಕಥೆ. ಅವರ ಪಂಚಾಂಗದಲ್ಲಿ ಹದಿಮೂರು ತಿಂಗಳು, ವರ್ಷ ನಮಗಿಂತ ಏಳೆಂಟು ಹಿಂದೆ. ಎಕ್ಸೆಲ್‌ಗೆ ಹದಿಮೂರನೇ ತಿಂಗಳು ಕೊಟ್ಟರೆ ನುಂಗುವುದಿಲ್ಲ. ನಾನು 2007 ಅಂತ ನಮೂದಿಸಿದ್ದನ್ನು ನೋಡಿ ಮೇಲಿನವರು ‘ಇದು ಹಳೇ ಡೇಟಾ’ ಅಂತ ವಾಪಸ್ ಕಳಿಸಿದರು. ತಾರೀಖಿನ ಕಾಲಂ ಅನ್ನು ಬರೀ ಅಕ್ಷರ ಅಂತ ಮಾಡಿಟ್ಟು ಬಚಾವಾದೆ.

ನಡುವೆ ಒಂದು ಚಟದ ಪ್ರಯೋಗವನ್ನೂ ಮಾಡಿದೆ. ಅಲ್ಲಿಯ ರೈತರು ಅಳತೆ ಹೇಳುವುದು ತಿಮಾದ್‌ನಲ್ಲಿ. ಒಂದು ಜೋಡಿ ಎತ್ತು ಒಂದು ದಿನಕ್ಕೆ ಉಳುವಷ್ಟು. ಕಾಲು ಹೆಕ್ಟೇರ್ ಅಂತ ಕಾಗದ ಹೇಳುತ್ತದೆ, ಅಂದರೆ ನಮ್ಮ 25 ಗುಂಟೆ ಹತ್ತಿರ. ಊರಿಂದ ಒಯ್ದಿದ್ದ 33 ಅಡಿ ಸರಪಳಿ ಎಳೆದು ಹನ್ನೊಂದು ಹೊಲ ಅಳೆದೆ. 16 ಗುಂಟೆಯೂ ಒಂದು ತಿಮಾದ್, 34 ಗುಂಟೆಯೂ ಒಂದು ತಿಮಾದ್. ಅಂಟು ಮಣ್ಣಾದರೆ ಚಿಕ್ಕದು, ಸಡಿಲ ಮಣ್ಣಾದರೆ ದೊಡ್ಡದು. ಸಮಿತಿಯ ಹಿರಿಯರೊಬ್ಬರು ನನ್ನ ಸರಪಳಿ ನೋಡಿ, ‘ಶಾಲೆಯಲ್ಲಿ ನನಗೆ ಲೆಕ್ಕ ಕಲಿಸಿದ್ದೂ ಹಿಂದ್ ಮೇಷ್ಟ್ರೇ. ಅವರೂ ಹೀಗೇ, ಎತ್ತನ್ನು ನಂಬುತ್ತಿರಲಿಲ್ಲ’ ಅಂದರು. ಈ ಪ್ರಯೋಗದಿಂದ ಕಾಸಿನ ಪ್ರಯೋಜನ ಇಲ್ಲ. ಆದರೆ ಹಳೆಯ ಪುಸ್ತಕದ ವಿಸ್ತೀರ್ಣ ಹಿಡಿದು ಹೊಲ ಹುಡುಕುವುದನ್ನು ಅವತ್ತೇ ಬಿಟ್ಟೆ.

ಇನ್ನು ತಾಳೆಯಾಗದ ಕಾಲು ಭಾಗ. ಅದನ್ನು ಕಸ ಅಂತ ತಿಳಿದಿದ್ದೆ. ವಿಂಗಡಿಸಿದಾಗ ಕಂಡಿತು: ಅದರಲ್ಲಿ ದೊಡ್ಡ ಗುಂಪು ವಿಧವೆಯರ ಹೊಲ. ಎತ್ತಿಲ್ಲದ್ದರಿಂದ ಅವರು ಹೊಲವನ್ನು ಪಾಲಿಗೆ ಕೊಟ್ಟಿರುತ್ತಾರೆ. ಬದುವಿನ ಮೇಲೆ ನಿಂತು ‘ಇದು ಯಾರದು’ ಅಂದರೆ ಊರು ಹೇಳುವುದು ಉಳುವವನ ಹೆಸರು.

ಚರ್ಚಿನ ದಾರಿಗೂ ಕೊರಕಲಿಗೂ ನಡುವೆ ಒಂದು ಹೊಲ. ನಾಲ್ಕೂ ಕಡೆಯವರು ಒಂದೇ ಹೆಸರು ಹೇಳಿದರು, ಅವನೂ ಅಲ್ಲೇ ನಿಂತಿದ್ದ. ಖಾಲಿ ಹಾಳೆಯಾಗಿದ್ದರೆ ಬರೆದುಕೊಂಡು ಮುಂದೆ ಹೋಗುತ್ತಿದ್ದೆ. ನನ್ನ ಪಟ್ಟಿಯಲ್ಲಿ ಅಲ್ಲಿ ಬೇರೆ ಹೆಸರಿತ್ತು, ಒಬ್ಬ ಹೆಂಗಸಿನದು, ಕೆಂಪು ಗುರುತಿತ್ತು. ಹುಡುಕಿಕೊಂಡು ಅವಳ ಮನೆಗೆ ಹೋದೆವು. ‘ಎಮಾಮಾ, ಪುಸ್ತಕ ಇದೆಯಾ?’ ಅಂದೆ, ನಮ್ಮಲ್ಲಿ ಅಜ್ಜಿ ಅಂದ ಹಾಗೆ. ಮುದುಕಿ ಒಳಗೆ ಹೋಗಿ, ಕಣಜದಲ್ಲಿ ಕೈ ಇಳಿಬಿಟ್ಟು, ಬಿಳಿ ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಚೀಲ ತೆಗೆದಳು. ಪುಸ್ತಕದ ಮೂಲೆಗಳನ್ನು ಇಲಿ ತಿಂದಿತ್ತು. ಎರಡು ಫೋಟೋ ಮಾತ್ರ ಹಾಗೇ ಇದ್ದವು. ಪಾಲಿಗೆ ಮಾಡುತ್ತಿದ್ದವನು ನೆಲ ನೋಡುತ್ತಾ, ‘ನಾನೆಲ್ಲಿ ನನ್ನದು ಅಂದೆ? ಅವರೇ ಅಂದದ್ದು’ ಅಂದ. ಆ ಕೆಬೆಲೆಯೊಂದರಲ್ಲೇ ಇಂಥವು 140 ಸಿಕ್ಕವು ಅಂತ ನೆನಪು.

ಖರ್ಚು ಹೇಳಿಬಿಡುತ್ತೇನೆ. ಮೂರನೇ ಕೆಬೆಲೆ ಹೊತ್ತಿಗೆ ತಂಡ ದಿನಕ್ಕೆ 60-65 ತುಂಡು ಮುಗಿಸುತ್ತಿತ್ತು, ತುಂಡಿಗೆ 110 ಬಿರ್ ಸುತ್ತ ಬಂತು. ರಿಜಿಸ್ಟರು ಟೈಪು ಮಾಡಲು ವೊರೆಡಾ ಪೇಟೆಯ ಐದು ಹುಡುಗಿಯರನ್ನು ಇಟ್ಟುಕೊಂಡೆ, ಅದೂ ಸೇರಿದ ಲೆಕ್ಕ. ನೀಲಗಿರಿ ಸಾಲಿನ ಕೆಳಗೆ ಮಾತ್ರ ಈ ಉಪಾಯ ನಡೆಯಲಿಲ್ಲ. ಮರದ ನೆರಳು ಬದುವನ್ನೇ ನುಂಗಿರುತ್ತದೆ, ಅಲ್ಲಿ ಟೇಪೇ ಗತಿ. ನಕ್ಷೆ ಪ್ರಚುರಪಡಿಸಿ ಆಕ್ಷೇಪಣೆ ಕೇಳುವುದನ್ನು ಅವರ ಪಂಚಾಂಗದಲ್ಲಿ ಪ್ರತಿ ತಿಂಗಳು ಬರುವ 12ರ ಮಿಕಾಯೆಲ್, 21ರ ಮರಿಯಮ್ ಹಬ್ಬದ ದಿನಗಳಿಗೆ ಹೊಂದಿಸಿದೆ. ನಮ್ಮಲ್ಲಿ ಸೋಮವಾರ ಎತ್ತು ಹೂಡದ ಹಾಗೆ ಅವತ್ತು ಅಲ್ಲಿ ಯಾರೂ ನೇಗಿಲು ಮುಟ್ಟುವುದಿಲ್ಲ. ಪೂಜೆ ಮುಗಿಸಿ ಇಡೀ ಊರು ಬರುತ್ತದೆ, ಹೆಂಗಸರೂ ಬರುತ್ತಾರೆ.

ಊರಿಗೆ ಬಂದ ಮೇಲೆ ನಮ್ಮ ಕಡೆಯ ಒಂದು ಹಳ್ಳಿಯಲ್ಲೂ ನೋಡೋಣ ಅಂತ ಪರಿಚಯದವರಿಂದ ನಲವತ್ತು ಕ್ರಯಪತ್ರದ ನಕಲು ಇಸಕೊಂಡು ಕೂತೆ. ಪೋಡಿಯಾಗದ ದೊಡ್ಡ ನಂಬರು. ಹದಿನೇಳು ಪತ್ರಗಳಲ್ಲಿ ಕನಿಷ್ಠ ಮೂರು ದಿಕ್ಕಿಗೆ ‘ಇದೇ ಸರ್ವೆ ನಂಬರಿನ ಉಳಿಕೆ ಜಮೀನು’ ಅಂತಲೇ ಬರೆದಿತ್ತು.