ಮೊದಲು ನೂರು ಸಲ ಪಂಪ್, ಆಮೇಲೆ ಕಾರ್ಟ್ರಿಜ್

"ಪಂಪ್ ಇದ್ದ ಮೇಲೆ ಗ್ಯಾಸ್ ಯಾಕೆ? ಗ್ಯಾಸ್ ಇದ್ದ ಮೇಲೆ ಪಂಪ್ ಯಾಕೆ?" ನನ್ನ ಜೊತೆ ಸೈಕಲ್ ತುಳಿಯುವವರು ನನಗೆ ಈ ಪ್ರಶ್ನೆ ಎಷ್ಟು ಸಲ ಹಾಕಿದ್ದಾರೋ ಲೆಕ್ಕವಿಲ್ಲ. ದಾರಿಯಲ್ಲಿ ಪಂಕ್ಚರ್ ಆದರೆ ಟೈರ್ ತುಂಬಲು ಕೈ ಪಂಪ್ ಒಂದು, ಕಾರ್ಟ್ರಿಜ್ ಅಂದರೆ ಇಂಗಾಲದ ಡೈಆಕ್ಸೈಡ್ ಗ್ಯಾಸ್ ಒತ್ತಿ ತುಂಬಿದ ಸಣ್ಣ ಲೋಹದ ಸಿಲಿಂಡರ್ ಒಂದು, ಎರಡನ್ನೂ ಹೊರುವುದು ಸುಮ್ನೆ ಭಾರ ಅಂತ ಅವರ ತೀರ್ಮಾನ. ಕಳೆದ ಒಂದೂವರೆ ವರ್ಷದಲ್ಲಿ ಟ್ರೈಲ್ ಮೇಲೆ, ಅಂದರೆ ಕಲ್ಲುಮಣ್ಣಿನ ದಾರಿಯಲ್ಲಿ, ಹತ್ತೊಂಬತ್ತೋ ಇಪ್ಪತ್ತೋ ಪಂಕ್ಚರ್ ಹಾಕಿದ್ದೇನೆ. ನನ್ನದೂ ಬೇರೆಯವರದೂ ಸೇರಿ. ಒಂದು ಸಲವೂ ಸೈಕಲ್ ತಳ್ಳಿಕೊಂಡು ಬಂದಿಲ್ಲ, ಒಂದು ಕಾರ್ಟ್ರಿಜ್ ಕೂಡ ಹಾಳಾಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು 29 ಇಂಚಿನ ಚಕ್ರ, 2.3 ಇಂಚು ಅಗಲದ ಟೈರ್, ಒಳಗೆ ಟ್ಯೂಬ್. ಮೊದಲೆಲ್ಲ ಬರೀ ಪಂಪ್ ಇಟ್ಟುಕೊಳ್ಳುತ್ತಿದ್ದೆ. ಅದೂ ರೋಡ್ ಸೈಕಲ್‌ಗೆ ಮಾಡಿದ ಸಣಕಲು ಪಂಪ್. ಒತ್ತಡ ಜಾಸ್ತಿ ಕೊಡುತ್ತದೆ, ಆದರೆ ಒಂದೊಂದು ಹೊಡೆತಕ್ಕೆ ಹೋಗುವ ಗಾಳಿ ಚಮಚದಷ್ಟು. ನಾನೂರು ಸಲ ಹೊಡೆದರೂ ಟೈರ್ ಮೆತ್ತಗೇ ಇರುತ್ತಿತ್ತು. ಸಾಕಾಗಿ ಹತ್ತುತ್ತಿದ್ದೆ. ಮುಂದಿನ ಕಲ್ಲಿಗೆ ಟ್ಯೂಬ್ ರಿಮ್ಮಿಗೆ ಜಜ್ಜಿ, ಹಾವು ಕಚ್ಚಿದ ಹಾಗೆ ಜೋಡಿ ತೂತು. ಗಾಳಿ ಕಮ್ಮಿ ಇದ್ದರೆ ಇದು ಆಗಿಯೇ ಆಗುತ್ತದೆ, ನಿಮಗೂ ಗೊತ್ತು.

ಆಮೇಲೆ ಕಾರ್ಟ್ರಿಜ್‌ಗೆ ಬಂದೆ. ದುಡ್ಡು ಹೋಗಿದ್ದು ಇಲ್ಲಿ. ಮೊದಲ ಆರು ತಿಂಗಳಲ್ಲಿ ಹದಿನಾಲ್ಕು ಖಾಲಿ ಮಾಡಿದೆ, ಅದರಲ್ಲಿ ಎಂಟು ಪೂರ್ತಿ ದಂಡ. ಆ ದುಡ್ಡಿಗೆ ಒಂದು ಒಳ್ಳೆ ಪಂಪ್ ಬಂದು, ಎರಡು ಟ್ಯೂಬೂ ಬರುತ್ತಿತ್ತು. ಒಂದು ಸಲ ಟ್ಯೂಬಿನ ಮಡಿಕೆ ಬೀಡ್ (ರಿಮ್ಮಿನೊಳಗೆ ಕೂರುವ ಟೈರಿನ ಅಂಚು) ಕೆಳಗೆ ಸಿಕ್ಕಿಕೊಂಡಿತ್ತು. ನೋಡದೆ ಗ್ಯಾಸ್ ಬಿಟ್ಟೆ, ಢಂ ಅಂತು. ಟ್ಯೂಬೂ ಹೋಯ್ತು, ಕಾರ್ಟ್ರಿಜ್ಜೂ ಹೋಯ್ತು. ಇನ್ನೊಂದು ಸಲ ತೇಪೆ ಚೆನ್ನಾಗಿಯೇ ಕೂತಿತ್ತು, ಆದರೆ ಪಕ್ಕದಲ್ಲೇ ಎರಡನೇ ತೂತು ಇತ್ತು. ಗ್ಯಾಸೆಲ್ಲ ತುಂಬಿದ ಮೇಲೆ ಸುಂಯ್ ಅಂತ ಕೇಳಿಸಿತು. ಮೂರನೇ ಸಲ ನನ್ನ ಇನ್‌ಫ್ಲೇಟರ್ ತಲೆಯದೇ ತಪ್ಪು, ಅಂದರೆ ಕಾರ್ಟ್ರಿಜ್ ಚುಚ್ಚಿ ಗ್ಯಾಸನ್ನು ವಾಲ್ವಿಗೆ ಬಿಡುವ ಮೂತಿಯದು. ಅದರಲ್ಲಿ ಗ್ಯಾಸ್ ನಿಲ್ಲಿಸುವ ತಿರುಪು ಇರಲಿಲ್ಲ. ಚುಚ್ಚಿದ ತಕ್ಷಣ ಅರ್ಧ ಗ್ಯಾಸ್ ಹೊರಗೇ ಹೋಯ್ತು. ಬರಿಗೈಯಲ್ಲಿ ಹಿಡಿದಿದ್ದೆ ಬೇರೆ. ಕಾರ್ಟ್ರಿಜ್ ಮೇಲೆ ಹಿಮ ಕಟ್ಟಿ ಬೆರಳ ತುದಿಯ ಚರ್ಮ ಅಂಟಿಕೊಂಡಿತು, ಬಿಡಿಸಿಕೊಂಡಾಗ ಸುಟ್ಟ ಹಾಗೆ ಉರಿ. ಈಗ ಹಳೇ ಟ್ಯೂಬಿನ ನಾಲ್ಕು ಬೆರಳಷ್ಟು ತುಂಡನ್ನು ಕಾರ್ಟ್ರಿಜ್‌ಗೆ ಅಂಗಿ ಥರ ತೊಡಿಸಿಟ್ಟಿರುತ್ತೇನೆ.

ಇಷ್ಟೆಲ್ಲ ಆದ ಮೇಲೂ 16 ಗ್ರಾಂ ಕಾರ್ಟ್ರಿಜ್ ನನ್ನ ಟೈರಿಗೆ ಕೊಡುತ್ತಿದ್ದುದು 20, ಹೆಚ್ಚೆಂದರೆ 23 ಪಿಎಸ್‌ಐ (ಟೈರ್ ಒತ್ತಡದ ಅಳತೆ). ಸಣ್ಣ ರೋಡ್ ಟೈರಿಗೆ ಅದೇ ಕಾರ್ಟ್ರಿಜ್ ನೂರು ದಾಟಿಸುತ್ತದೆ. ನಮ್ಮ ದಪ್ಪ ಟೈರಿಗೆ ಸಾಲದು. ನನಗೆ ಬೇಕಿದ್ದಿದ್ದು 30ರ ಹತ್ತಿರ. 25 ಗ್ರಾಂದು ತಗೋ ಅಂದರು. ಅದರಲ್ಲಿ ಒತ್ತಡವೇನೋ ಸಾಕು, ಆದರೆ ರೇಟು ಜಾಸ್ತಿ. ತಪ್ಪಾದರೆ ನಷ್ಟವೂ ಅಷ್ಟೇ ದೊಡ್ಡದು.

ಕೊನೆಗೆ ಹಿಡಿದ ದಾರಿ ಇದು. ಹೊಡೆತಕ್ಕೆ ಗಾಳಿ ಜಾಸ್ತಿ ಹೋಗುವ ದಪ್ಪ ಮಿನಿ ಪಂಪ್ ಒಂದು, 16 ಗ್ರಾಂ ಕಾರ್ಟ್ರಿಜ್ ಒಂದು. ಟ್ಯೂಬ್ ಹಾಕಿ ಮೊದಲು ಪಂಪಿನಿಂದ ನೂರು ಹೊಡೆತ. ಸುಮಾರು 10 ಪಿಎಸ್‌ಐ ಬರುತ್ತದೆ. ಈ ನೂರು ಹೊಡೆತ ಹಗುರ, ತೋಳು ನೋಯುವುದಿಲ್ಲ. ಕೈ ಸೋಲುವುದು ಆಮೇಲಿನ ಇನ್ನೂರರಲ್ಲಿ, ಅದನ್ನು ಗ್ಯಾಸಿಗೆ ಬಿಡುತ್ತೇನೆ. ಹತ್ತಕ್ಕೆ ಇಪ್ಪತ್ತು ಸೇರಿ 30 ಆಯ್ತಲ್ವಾ!

ಆದರೆ ನಿಜವಾದ ಲಾಭ ಈ ಎರಡರ ನಡುವಿನ ಎರಡು ನಿಮಿಷದಲ್ಲಿದೆ. 10 ಪಿಎಸ್‌ಐಗೆ ಟ್ಯೂಬ್ ದುಂಡಗಾಗಿರುತ್ತದೆ, ಟೈರ್ ಇನ್ನೂ ಕೈಗೆ ಬಗ್ಗುತ್ತದೆ. ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡುತ್ತೇನೆ, ಅದರ ಬುಡದಲ್ಲಿ ಟ್ಯೂಬ್ ಸಿಕ್ಕಿದ್ದರೆ ಬಿಟ್ಟುಕೊಳ್ಳುತ್ತದೆ. ಚಕ್ರ ತಿರುಗಿಸಿ ಎರಡೂ ಬದಿಯ ಬೀಡ್ ಗೆರೆ ಒಂದೇ ಸಮ ಇದೆಯಾ ನೋಡುತ್ತೇನೆ. ಆಮೇಲೆ ತುಟಿ ಒದ್ದೆ ಮಾಡಿಕೊಂಡು ವಾಲ್ವಿನ ಸುತ್ತ, ಟೈರಿನ ಹತ್ತಿರ ಹಿಡಿಯುತ್ತೇನೆ. ಕಿವಿಗೆ ಕೇಳದ ಸೋರಿಕೆ ಕೂಡ ತುಟಿಗೆ ತಣ್ಣಗೆ ತಾಗುತ್ತದೆ. ಏನಾದರೂ ಎಡವಟ್ಟು ಇದ್ದರೆ ಹೋಗುವುದು ನೂರು ಹೊಡೆತ ಮಾತ್ರ. ಕಾರ್ಟ್ರಿಜ್ ಇನ್ನೂ ಜೇಬಲ್ಲೇ ಇರುತ್ತದೆ. ಈ ಎರಡು ನಿಮಿಷ ಉಳಿಸಿದ ಕಾರ್ಟ್ರಿಜ್ ಕಡಿಮೆ ಅಂದರೂ ಐದು.

ಪಂಪಿನ ಹೋಸ್ ವಾಲ್ವಿಗೆ ತಿರುಗಿಸಿ ಕೂರಿಸುವಂಥದ್ದಾದರೆ ಒಂದು ಎಚ್ಚರ. ಬಿಚ್ಚುವಾಗ ಪ್ರೆಸ್ಟಾ ವಾಲ್ವಿನ (ಸೈಕಲ್ ಟ್ಯೂಬಿನ ಸಣ್ಣ ತೆಳು ವಾಲ್ವ್) ಕೋರ್, ಅಂದರೆ ಗಾಳಿ ತಡೆಯುವ ಒಳಗಿನ ತಿರುಪು ಭಾಗ, ಕೆಲವು ಸಲ ಜೊತೆಗೇ ಬಂದುಬಿಡುತ್ತದೆ. ನನಗೆ ಎರಡು ಸಲ ಆಗಿದೆ. ಹೊರಡುವ ಮೊದಲೇ ಮನೆಯಲ್ಲಿ ಕೋರ್ ಬಿಗಿ ಮಾಡಿಕೊಳ್ಳಿ.

ಟೈರಿನಲ್ಲಿ ಉಳಿದ ಮುಳ್ಳಿನ ತುದಿ ಹುಡುಕಲು ನಾನು ಬೆರಳು ಹಾಕುವುದಿಲ್ಲ. ಅದಕ್ಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಜೊತೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಟೈರ್ ಹಾಕುವಾಗಲೇ ಅದರ ಮೇಲಿನ ಬರಹ ವಾಲ್ವಿಗೆ ನೇರ ಇರುವ ಹಾಗೆ ಕೂರಿಸಿದ್ದರೆ, ಟ್ಯೂಬಿನ ತೂತಿನಿಂದ ಮುಳ್ಳಿನ ಜಾಗ ಸಿಗುತ್ತದೆ ಅನ್ನುವುದನ್ನಂತೂ ಎಲ್ಲರೂ ಮಾಡಬಹುದು.

ಗ್ಯಾಸ್ ಬೇಗ ಸೋರುತ್ತದೆ ಅನ್ನುತ್ತಾರಲ್ಲ, ಅದನ್ನೂ ನೋಡಿದೆ. ಎರಡು ಒಂದೇ ಥರದ ಚಕ್ರಕ್ಕೆ 28 ಪಿಎಸ್‌ಐ ತುಂಬಿದೆ, ಒಂದಕ್ಕೆ ಗಾಳಿ, ಒಂದಕ್ಕೆ ಗ್ಯಾಸ್. ಎರಡನೇ ದಿನ ಸಂಜೆ ಗಾಳಿಯದು ಹೆಚ್ಚುಕಮ್ಮಿ ಹಾಗೇ ಇತ್ತು, ಗ್ಯಾಸಿನದು 20ಕ್ಕೆ ಇಳಿದಿತ್ತು. ಇಂಗಾಲದ ಡೈಆಕ್ಸೈಡ್ ರಬ್ಬರಿನೊಳಗೆ ಕರಗಿ ಆಚೆ ಹೋಗುತ್ತದೆ, ಟ್ಯೂಬಿನ ತಪ್ಪಲ್ಲ. ಮನೆಗೆ ಬಂದ ಮೇಲೆ ಪೂರ್ತಿ ಖಾಲಿ ಮಾಡಿ ಗಾಳಿ ತುಂಬಿದರೆ ಆಯ್ತು. ಇನ್ನೊಂದು ಗಮನಿಸಿದ್ದು: ಗ್ಯಾಸ್ ತುಂಬಿದ ತಕ್ಷಣ ಟೈರ್ ಸ್ವಲ್ಪ ಮೆತ್ತಗೆ ಅನ್ನಿಸುತ್ತದೆ. ಒಳಗಿನ ಗ್ಯಾಸ್ ತಣ್ಣಗಿರುವುದಕ್ಕೆ ಹಾಗೆ. ಐದಾರು ನಿಮಿಷಕ್ಕೆ ಬೆಚ್ಚಗಾಗಿ ಒತ್ತಡ ಏರುತ್ತದೆ. ಇದು ಗೊತ್ತಿಲ್ಲದೆ ಮೊದಮೊದಲು ಎರಡನೇ ಕಾರ್ಟ್ರಿಜ್ ಚುಚ್ಚುತ್ತಿದ್ದೆ.

ಅಡುಗೆಮನೆಯ ತಕ್ಕಡಿಯಲ್ಲಿ ಕಾರ್ಟ್ರಿಜ್ ತೂಗುವ ಅಭ್ಯಾಸವೂ ಆಗಿದೆ. ತುಂಬಿದ್ದು 58 ಗ್ರಾಂ ಆಸುಪಾಸು, ಖಾಲಿಯಾದದ್ದು 42. ಒಂದು ಸಲ ಚೀಲದ ತಳದಲ್ಲಿ ಹೊಸದು ಅಂದುಕೊಂಡಿದ್ದು 49 ತೂಗಿತು. ಅದನ್ನು ನಂಬಿ ಹೊರಟಿದ್ದರೆ ಮಿಕ್ಕಿದ್ದನ್ನೆಲ್ಲ ಪಂಪಿನಿಂದಲೇ ಹೊಡೆಯಬೇಕಿತ್ತು.

ಟ್ಯೂಬ್‌ಲೆಸ್‌ನವರಿಗೆ (ಒಳಗೆ ಟ್ಯೂಬ್ ಇಲ್ಲದ ಟೈರ್‌ನವರಿಗೆ) ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಬೀಡ್ ಕಳಚಿದ್ದರೆ ಒಂದೇ ಸಲಕ್ಕೆ ಜೋರಾಗಿ ಗ್ಯಾಸ್ ಬೇಕು, ಪಂಪ್ ಆಮೇಲೆ. ವಾಲ್ವ್ ಮಾತ್ರ ಕೆಳಗಿರಬಾರದು. ತಳದಲ್ಲಿ ನಿಂತ ಸೀಲಂಟ್‌ಗೆ (ತೂತು ಮುಚ್ಚುವ ದ್ರವಕ್ಕೆ) ತಣ್ಣನೆ ಗ್ಯಾಸ್ ಬಡಿದರೆ ಹೆಪ್ಪುಗಟ್ಟಿ ಉಂಡೆಯಾಗುತ್ತದೆ. ಗೆಳೆಯನೊಬ್ಬನ ಟೈರ್ ಬಿಚ್ಚಿದಾಗ ಅಂಥ ಉಂಡೆ ನೋಡಿದ್ದೇನೆ. ತೂತು ಸಣ್ಣದಿದ್ದು ಬೀಡ್ ಕೂತೇ ಇದ್ದರೆ ಪ್ಲಗ್ (ತೂತಿಗೆ ತುರುಕುವ ರಬ್ಬರ್ ಎಳೆ) ಚುಚ್ಚಿ, ನನ್ನ ಕ್ರಮದಲ್ಲೇ ಮಾಡಿ.

ಈಗ 12 ಗ್ರಾಂ ಕಾರ್ಟ್ರಿಜ್ ತಂದು ನೋಡುತ್ತಿದ್ದೇನೆ. ನೂರರ ಬದಲು ನೂರೈವತ್ತು ಹೊಡೆತ. ಮನೆಯಲ್ಲಿ ಮೂರು ಸಲ ಮಾಡಿದೆ, ಎರಡು ಸಲ 30 ಮುಟ್ಟಿತು, ಒಂದು ಸಲ 27ಕ್ಕೇ ನಿಂತಿತು. ಟ್ರೈಲ್ ಮೇಲೆ ಇನ್ನೂ ಆಗಿಲ್ಲ. ಮುಂದಿನ ಪಂಕ್ಚರ್‌ಗೆ ಕಾಯುತ್ತಿದ್ದೇನೆ.