ಪ್ಯಾಕೆಟ್ ಬಿಟ್ಟೆ, ಕುಂಡದಲ್ಲೇ ವ್ಯಾಮ್ ಬೆಳೆಸಿದೆ

ವ್ಯಾಮ್ ಅಂದರೆ ಬೇರಿನೊಳಗೆ ನೆಲೆಸಿ ಗಿಡಕ್ಕೆ ರಂಜಕ ತಂದುಕೊಟ್ಟು, ಬದಲಿಗೆ ಅದರ ಸಕ್ಕರೆ ಪಡೆಯುವ ಶಿಲೀಂಧ್ರ. ಅದನ್ನು ಮನೆಯಲ್ಲೇ ಬೆಳೆಸುತ್ತೇನೆ ಅಂದಾಗ "ಅದು ಲ್ಯಾಬಿನವರ ಕೆಲಸ, ನಿನ್ನ ಕೈಲಿ ಆಗಲ್ಲ" ಅಂದವರು ಒಬ್ಬಿಬ್ಬರಲ್ಲ. ಈಗ ಅವರೇ ಒಂದು ಚೀಲ ಕೊಡ್ತೀಯಾ ಅಂತ ಕೇಳುತ್ತಿದ್ದಾರೆ.

ಎರಡು ವರ್ಷ ವ್ಯಾಮ್ ಪ್ಯಾಕೆಟ್ಟನ್ನು ದುಡ್ಡು ಕೊಟ್ಟು ತಂದು ಸುರಿದೆ. ಆ ದುಡ್ಡಿಗೆ ಒಂದು ಸುಮಾರಾದ ಮೈಕ್ರೋಸ್ಕೋಪೇ ಬರುತ್ತಿತ್ತು. ಕೊನೆಗೆ ಅನುಮಾನ ಬಂದು ಒಂದು ಪ್ಯಾಕೆಟ್ಟನ್ನು ನೀರಲ್ಲಿ ಕದಡಿ ಜರಡಿ ಹಿಡಿದೆ. ಬೀಜಕಗಳು (ಶಿಲೀಂಧ್ರದ ಬೀಜದಂಥ ಕಣಗಳು, ಸ್ಪೋರ್) ಇದ್ದವು, ಆದರೆ ಅರ್ಧಕ್ಕರ್ಧ ಒಳಗೇನೂ ಇಲ್ಲದ ಸಿಪ್ಪೆ. ಅವತ್ತೇ ಮೈಕ್ರೋಸ್ಕೋಪ್ ತಂದೆ.

ಮೊದಲ ಸಲ 10 ಕುಂಡ, ಮರಳು ಮಣ್ಣು ಬೆರೆಸಿ ಜೋಳ ಬಿತ್ತಿದೆ. ಗಿಡ ಚೆನ್ನಾಗಿ ಬರಲಿ ಅಂತ ಗೊಬ್ಬರದ ಜೊತೆ ರಂಜಕ ತುಂಬಿದ ಡಿಎಪಿಯನ್ನೂ ಒಂದಿಷ್ಟು ಹಾಕಿದೆ. ಜೋಳ ಕಡುಹಸಿರಾಗಿ ಎದೆಯೆತ್ತರ ಬಂತು, ನಾನೂ ಬೀಗಿದೆ. ಬೇರು ತೊಳೆದು ನೋಡಿದರೆ ಶಿಲೀಂಧ್ರದ ಸುಳಿವೇ ಇಲ್ಲ. ಗಿಡಕ್ಕೆ ರಂಜಕ ಧಾರಾಳವಾಗಿ ಸಿಕ್ಕರೆ ತನ್ನ ಸಕ್ಕರೆಯನ್ನು ಇನ್ನೊಬ್ಬರಿಗೆ ಯಾಕೆ ಕೊಡುತ್ತೆ, ಅಲ್ವಾ?

ಎರಡನೇ ಸಲ ಆದದ್ದನ್ನು ಹೇಳೋಕೂ ನಾಚಿಕೆ. ಸಸಿಗಳ ಬುಡ ಕೊಳೆತಂತೆ ಕಂಡಿತು, ಗಾಬರಿಯಲ್ಲಿ ಕಾರ್ಬೆಂಡಜಿಂ ಹುಯ್ದೆ. ಶಿಲೀಂಧ್ರ ಸಾಕಲು ಹೊರಟವನು ಶಿಲೀಂಧ್ರನಾಶಕ ಹುಯ್ದಿದ್ದೆ! ಮೂರು ತಿಂಗಳು ನೀರುಪಾಲು.

ಮೂರನೇ ಸಲ 8 ಕುಂಡ ಸಾಕು ಅಂದುಕೊಂಡೆ. ಮಣ್ಣು ಮರಳನ್ನು ಹಬೆಯಲ್ಲಿ ಬೇಯಿಸಿ ಆರಿಸಿದೆ. ಶಿಲೀಂಧ್ರದ ಹೆಪ್ಪಿಗೆ ವರ್ಷಗಟ್ಟಲೆ ಉಳುಮೆ ಕಾಣದ ಹುಲ್ಲುನೆಲದ ಬೇರು, ಮಣ್ಣು. ಯಾವ ಹುಲ್ಲು ಅನ್ನೋದು ನನ್ನಲ್ಲೇ ಇರಲಿ. ರಂಜಕ ಬಹುತೇಕ ಬಂದ್. ಗಿಡ ಬಡಕಲಾಗೇ ಇತ್ತು, ಆದರೂ ಕೈ ಕಟ್ಟಿ ಕೂತೆ. ಸುಮಾರು 12 ವಾರಕ್ಕೆ ಮೇಲ್ಭಾಗ ಕತ್ತರಿಸಿ ನೀರು ನಿಲ್ಲಿಸಿ, ಎರಡು ವಾರ ಹಾಗೇ ಒಣಗಲು ಬಿಟ್ಟೆ. ಗಿಡ ಸಾಯುತ್ತಿದೆ ಅಂತ ಗೊತ್ತಾದಾಗಲೇ ಶಿಲೀಂಧ್ರ ಬೀಜಕ ಕಟ್ಟುವುದಕ್ಕೆ ಆತುರ ಮಾಡೋದು.

ಒಣಗಿಸುವ ಮುಂಚೆ ತೆಗೆದಿಟ್ಟ ಎಳೆಬೇರನ್ನು ಕಾಸ್ಟಿಕ್ ಪೊಟ್ಯಾಶಿನಲ್ಲಿ ಕುದಿಸಿ, ವಿನಿಗರಿಗೆ ಪೆನ್ನಿನ ಶಾಯಿ ಬೆರೆಸಿ ಅದರಲ್ಲಿ ಅದ್ದಿದೆ. ಗಾಜಿನಂತಾದ ಬೇರಿನ ಕೋಶದೊಳಗೆ ನೀಲಿ ಬಣ್ಣದ ಪುಟ್ಟ ಪೊದೆಗಳು, ಒಂದು ಕೋಶಕ್ಕೆ ಒಂದರಂತೆ. ಅದೇ ನಾನು ಹುಡುಕುತ್ತಿದ್ದ ಶಿಲೀಂಧ್ರ. ಆ ರಾತ್ರಿ ನಿದ್ದೆ ಬರಲಿಲ್ಲ. ಬೇರಿನ 10 ತುಂಡಿನಲ್ಲಿ 6-7ರಲ್ಲಿ ಇತ್ತು. ಒಣಗಿದ ಮೇಲೆ 10 ಗ್ರಾಂ ಮಣ್ಣಿಗೆ ಬೀಜಕ ನೂರರ ಆಸುಪಾಸು ಸಿಕ್ಕವು, ಎಣಿಸುವಾಗ ಕಣ್ಣು ಬತ್ತಿ ಹೋಯಿತು.

ಸುಮ್ನೆ ಇರಲಿ ಅಂತ ಪಕ್ಕದಲ್ಲಿ ಒಂದು ಕುಂಡಕ್ಕೆ ಸಾಸಿವೆ, ಇನ್ನೊಂದಕ್ಕೆ ಈರುಳ್ಳಿ ಹಾಕಿದ್ದೆ. ಸಾಸಿವೆ ಬೇರಲ್ಲಿ ಏನೂ ಇಲ್ಲ, ಆ ಜಾತಿ ಈ ಶಿಲೀಂಧ್ರವನ್ನು ಹತ್ತಿರ ಸೇರಿಸೋದೇ ಇಲ್ಲವಲ್ಲ. ಈರುಳ್ಳಿ ಬೇರು ಕಡಿಮೆ ಬಂತು, ಆದರೆ ಬಣ್ಣ ಹಾಕಿ ನೋಡೋಕೆ ಅದರಷ್ಟು ಸುಲಭದ್ದು ಬೇರೆ ಇಲ್ಲ. ಕಲಿಯುವವರು ಅದರಿಂದಲೇ ಶುರು ಮಾಡಿ.

ಹೊರಗಿನ ಮಣ್ಣು ಹೆಪ್ಪಾಗಿ ಹಾಕಿದ್ದಕ್ಕೆ ದಂಡವೂ ಬಿತ್ತು. ಎಂಟರಲ್ಲಿ ಒಂದು ಕುಂಡದ ಬೇರಿನ ಮೇಲೆ ಸಾಬೂದಾನಿಯಂತೆ ಗಂಟು, ಗಂಟುಜಂತು ಅನ್ನೋ ಬೇರಿನ ಸೂಕ್ಷ್ಮ ಹುಳುವಿನದು. ಆ ಕುಂಡದ ಬೇರನ್ನೆಲ್ಲ ಸುಟ್ಟೆ. ಚೀಲ ಕೇಳಿದವರಿಗೆ ಉಳಿದ ಏಳರಲ್ಲೇ ಕೊಡಬೇಕು, ಅದೂ ಪ್ರತಿಯೊಂದರ ಬೇರನ್ನೂ ಇನ್ನೊಮ್ಮೆ ತಿರುವಿ ನೋಡಿ.