ಪಿತ್ತಕೋಶ ದಿನಾ ಖಾಲಿಯಾಗಬೇಕು: ನನ್ನ ತಟ್ಟೆಯ ಲೆಕ್ಕ

ಅಮ್ಮನಿಗೂ ದೊಡ್ಡಮ್ಮನಿಗೂ ಪಿತ್ತಕೋಶದಲ್ಲಿ, ಅಂದರೆ ಗಾಲ್ ಬ್ಲ್ಯಾಡರಿನಲ್ಲಿ, ಕಲ್ಲಾಗಿ ಆಪರೇಷನ್ ಆಗಿದೆ. ಈ ಕಲ್ಲು ಮನೆತನದಲ್ಲಿ ಓಡಾಡುವಂಥದ್ದು, ಅದರಲ್ಲೂ ಹೆಂಗಸರಿಗೆ ಹೆಚ್ಚು. ಬಸುರಿಯಾಗಿದ್ದಾಗ ಈಸ್ಟ್ರೋಜನ್ ಹಾರ್ಮೋನು ಪಿತ್ತರಸಕ್ಕೆ ಕೊಲೆಸ್ಟ್ರಾಲ್ ತುಂಬುತ್ತದೆ, ಪ್ರೊಜೆಸ್ಟರಾನ್ ಹಾರ್ಮೋನು ಪಿತ್ತಕೋಶವನ್ನು ಮಂದಗೊಳಿಸುತ್ತದೆ. ನನಗೆ ಎರಡು ಹೆರಿಗೆ, ಅದರ ಜೊತೆಗೆ ಏರಿ ಕೂತ ತೂಕ. ಮೈಸೂರಿನಲ್ಲಿ ಡಯಟೀಷಿಯನ್ ಆಗಿ ದಿನವಿಡೀ ಬೇರೆಯವರ ತಟ್ಟೆ ನೋಡುವವಳು ನಾನು. ತೂಕ ಇಳಿಸಲು ಹೊರಟಾಗ ಕಲ್ಲಿಗೆ ದಾರಿ ಮಾಡಿಕೊಡದ ಹಾಗೆ ನನ್ನ ತಟ್ಟೆಯನ್ನೂ ಲೆಕ್ಕ ಹಾಕಿಯೇ ಕಟ್ಟಿಕೊಂಡೆ.

ಮೊದಲು ಒಳಗೆ ಏನು ನಡೆಯುತ್ತದೆ ಅನ್ನುವುದು ಗೊತ್ತಿರಬೇಕು. ಲಿವರ್ ತಯಾರಿಸಿದ ಪಿತ್ತರಸವನ್ನು ಪಿತ್ತಕೋಶ ಕೂಡಿಟ್ಟು ಗಟ್ಟಿ ಮಾಡುತ್ತದೆ. ಅದು ಹಿಡಿಯುವುದು 30ರಿಂದ 50 ಮಿಲಿ, ಅಷ್ಟೇ. ಆ ರಸದಲ್ಲಿ ಕೊಲೆಸ್ಟ್ರಾಲ್ ಇರುತ್ತದೆ, ಅದನ್ನು ಕರಗಿಸಿ ಹಿಡಿದಿಡುವ ಪಿತ್ತದ ಲವಣಗಳೂ ಲೆಸಿಥಿನ್ ಅನ್ನುವ ಕೊಬ್ಬಿನ ಜಾತಿಯ ವಸ್ತುವೂ ಇರುತ್ತವೆ. ಕೊಲೆಸ್ಟ್ರಾಲ್ ಮಿತಿಮೀರಿದರೆ, ಅಥವಾ ರಸ ಕದಲದೆ ಬಹಳ ಹೊತ್ತು ನಿಂತರೆ, ಹರಳು ಕಟ್ಟುತ್ತದೆ. ಹರಳು ಬೆಳೆದು ಕಲ್ಲಾಗುತ್ತದೆ. ಪಿಗ್ಮೆಂಟ್ ಕಲ್ಲುಗಳೆಂದು ಇನ್ನೊಂದು ಜಾತಿ ಇದೆ. ರಕ್ತಕಣಗಳು ಬೇಗ ಒಡೆಯುವ ಕಾಯಿಲೆಗಳಲ್ಲಿ, ಪಿತ್ತನಾಳದ ಸೋಂಕಿನಲ್ಲಿ ಅವು ಬರುತ್ತವೆ. ಅಲ್ಲಿ ಊಟದ ಕೈ ಅಷ್ಟಾಗಿ ನಡೆಯುವುದಿಲ್ಲ, ಹಾಗಾಗಿ ಮುಂದೆ ಹೇಳುವುದೆಲ್ಲ ಕೊಲೆಸ್ಟ್ರಾಲ್ ಕಲ್ಲಿನ ಮಾತು.

ಪಿತ್ತಕೋಶ ತನ್ನಷ್ಟಕ್ಕೆ ತಾನು ಚೆನ್ನಾಗಿ ಖಾಲಿಯಾಗುವುದಿಲ್ಲ. ಊಟದಲ್ಲಿನ ಕೊಬ್ಬು, ಪ್ರೋಟೀನು ಸಣ್ಣ ಕರುಳಿಗೆ ಇಳಿದಾಗ ಅಲ್ಲಿಂದ ಕೊಲೆಸಿಸ್ಟೊಕೈನಿನ್ ಅನ್ನುವ ಹಾರ್ಮೋನು ಹೊರಡುತ್ತದೆ, ಆಗ ಪಿತ್ತಕೋಶ ಹಿಂಡಿಕೊಂಡು ರಸ ಸುರಿಸುತ್ತದೆ. ಆದ್ದರಿಂದ 'ಎಣ್ಣೆ, ತುಪ್ಪ ಪೂರ್ತಿ ಬಿಟ್ಟಿದ್ದೀನಿ, ನನಗೆ ಕಲ್ಲಾಗಲ್ಲ' ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಗಾಬರಿ. ಇಟಲಿಯಿಂದ 1998ರಲ್ಲಿ ಒಂದು ಸಣ್ಣ ಅಧ್ಯಯನ ಬಂತು. ಬಹಳ ಕಡಿಮೆ ಕ್ಯಾಲರಿಯ ಪಥ್ಯದಲ್ಲಿ ತೂಕ ಇಳಿಸುತ್ತಿದ್ದವರ ಪೈಕಿ ಒಂದು ಗುಂಪಿಗೆ ದಿನಕ್ಕೆ 3 ಗ್ರಾಂ ಕೊಬ್ಬು, ಇನ್ನೊಂದಕ್ಕೆ 12 ಗ್ರಾಂ. ಮೊದಲನೇ ಗುಂಪಿನಲ್ಲಿ ಅರ್ಧಕ್ಕೂ ಹೆಚ್ಚು ಜನಕ್ಕೆ ಕಲ್ಲು, ಎರಡನೆಯದರಲ್ಲಿ ಒಬ್ಬರಿಗೂ ಇಲ್ಲ. ಇದ್ದವರು ಬೆರಳೆಣಿಕೆಯ ಮಂದಿ, ನಿಜ. ಆದರೂ ಶರೀರ ಕೆಲಸ ಮಾಡುವ ರೀತಿಗೆ ಅದು ಸರಿಯಾಗಿ ಹೊಂದುತ್ತದೆ.

ನನ್ನ ಲೆಕ್ಕ ಶುರುವಾಗುವುದೇ ಬೆಳಗಿನ ತಿಂಡಿಯಿಂದ. ರಾತ್ರಿ ಎಂಟಕ್ಕೆ ಊಟ, ಬೆಳಿಗ್ಗೆ ಬರೀ ಕಾಫಿ, ಪೂಜೆ, ಮಕ್ಕಳ ಡಬ್ಬಿ ಎಲ್ಲ ಮುಗಿದು ಹೊಟ್ಟೆಗೇನಾದರೂ ಬೀಳುವಾಗ ಹನ್ನೊಂದು: ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೆಂಗಸರ ದಿನಚರಿ ಇದು. ಹದಿನೈದು ಗಂಟೆ ಪಿತ್ತರಸ ನಿಂತಲ್ಲೇ ನಿಂತಿರುತ್ತದೆ. ನಾನು ಎಂಟೂವರೆಯೊಳಗೆ ತಿಂಡಿ ಮುಗಿಸುತ್ತೇನೆ, ಮಕ್ಕಳ ಜೊತೆಯಲ್ಲೇ, ನಿಂತುಕೊಂಡಾದರೂ ಸರಿ. ಅದರಲ್ಲಿ 10 ಗ್ರಾಂ ಆಸುಪಾಸು ಕೊಬ್ಬಿರಬೇಕು, ಅಂದರೆ ಎರಡು ಟೀ ಚಮಚ ಎಣ್ಣೆಯಷ್ಟು. ಉಪ್ಪಿಟ್ಟಿಗೂ ಅವಲಕ್ಕಿಗೂ ಒಗ್ಗರಣೆಯಲ್ಲೇ ಅದು ಸಿಗುತ್ತದೆ. ಇಡ್ಲಿ, ಸಾಂಬಾರಿನಲ್ಲಿ ಸಿಗುವುದಿಲ್ಲ, ಅದಕ್ಕೆ ಕಡ್ಲೆಕಾಯಿ ಬೀಜದ ಚಟ್ನಿ. ಕರಿದದ್ದು ತಿಂದು ಈ ಲೆಕ್ಕ ತುಂಬಿಸುವುದು ಬೇಡ, ಆಗ ತೂಕ ಏರಿ ಕಥೆ ಬೇರೆಯೇ ಆಗುತ್ತದೆ.

ನಮ್ಮ ಅತ್ತೆಯವರ ಏಕಾದಶಿಗೆ ನಾನು ಕೈ ಹಾಕಲಿಲ್ಲ. 'ನಿರಾಹಾರ ಬೇಡ ಅತ್ತೆ, ಫಲಾಹಾರ ಮಾಡಿ. ಜೊತೆಗೆ ಒಂದು ಲೋಟ ಹಾಲು, ನಾಲ್ಕು ಬಾದಾಮಿ' ಅಂದೆ. 'ನಿನ್ನ ಆಸ್ಪತ್ರೆ ಶಾಸ್ತ್ರಕ್ಕೂ ನಮ್ಮ ಶಾಸ್ತ್ರಕ್ಕೂ ಪರವಾಗಿಲ್ಲ, ರಾಜಿ ಆಯ್ತು' ಅಂದರು. ತಿಂಗಳಿಗೆರಡು ದಿನದ ಉಪವಾಸಕ್ಕಿಂತ ದಿನಾ ತಿಂಡಿ ಬಿಡುವುದೇ ನನ್ನನ್ನು ಕಾಡುವ ವಿಷಯ.

ತೂಕ ಇಳಿಸಬೇಕು, ಆದರೆ ನಿಧಾನಕ್ಕೆ. ವಾರಕ್ಕೆ ಒಂದೂವರೆ ಕಿಲೋ ಮೀರಿ ಇಳಿದರೆ ಕಲ್ಲಿನ ಅಪಾಯ ಥಟ್ಟನೆ ಏರುತ್ತದೆ. ಕರಗುವ ಕೊಬ್ಬಿನಿಂದ ಕೊಲೆಸ್ಟ್ರಾಲ್ ಪಿತ್ತರಸಕ್ಕೆ ನುಗ್ಗುತ್ತದೆ, ಊಟ ಕಡಿಮೆಯಾದ್ದರಿಂದ ಪಿತ್ತಕೋಶ ಹಿಂಡಿಕೊಳ್ಳುವುದೂ ಕಡಿಮೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾದವರಿಗೆ ಡಾಕ್ಟರು ಕೆಲವು ತಿಂಗಳು ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುವುದು ಇದೇ ಕಾರಣಕ್ಕೆ. ನಾನು ವಾರಕ್ಕೆ ಅರ್ಧ ಕಿಲೋ ದಾಟಗೊಡಲಿಲ್ಲ. ಮದುವೆಗೆ ಮುಂಚೆ ಒಂದೇ ತಿಂಗಳಲ್ಲಿ ಸಣ್ಣಗಾಗಬೇಕೆಂದು ಬರುವ ಹುಡುಗಿಯರಿಗೆ ಈ ಮಾತು ರುಚಿಸುವುದಿಲ್ಲ.

ಮಧ್ಯಾಹ್ನಕ್ಕೆ ಮುದ್ದೆ, ಬಸ್ಸಾರು, ಪಲ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕ ತೆಗೆದು ನೋಡಿದರೆ 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರು ಕರುಳಿನಲ್ಲಿ ಪಿತ್ತಾಮ್ಲಗಳನ್ನು, ಅಂದರೆ ಆಗಲೇ ಹೇಳಿದ ಪಿತ್ತದ ಲವಣಗಳ ಮೂಲವನ್ನು, ಹಿಡಿದುಕೊಂಡು ಹೊರಗೆ ಒಯ್ಯುತ್ತದೆ. ಕಳೆದುಹೋದದ್ದನ್ನು ಮತ್ತೆ ಮಾಡಲು ಲಿವರ್ ಕೊಲೆಸ್ಟ್ರಾಲನ್ನೇ ಬಳಸಬೇಕು. ಮಲಬದ್ಧತೆ ಇಲ್ಲದಿದ್ದರೆ ಇನ್ನೊಂದು ಲಾಭ. ಮಲ ಕರುಳಿನಲ್ಲಿ ಬಹಳ ಹೊತ್ತು ಕೂತರೆ ಬ್ಯಾಕ್ಟೀರಿಯಾ ತಯಾರಿಸುವ ಡಿಆಕ್ಸಿಕೋಲಿಕ್ ಆಮ್ಲ ಹೆಚ್ಚು ಹೀರಲ್ಪಡುತ್ತದೆ, ಅದು ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಏರಿಸುವ ಆಸಾಮಿ. ರಾತ್ರಿ ಅನ್ನ ಇದ್ದೇ ಇದೆ, ಮೈಸೂರಿನವಳಾಗಿ ಅನ್ನ ಬಿಡು ಅನ್ನಲು ನನಗೆ ಬಾಯಿ ಬರುವುದಿಲ್ಲ. ತಟ್ಟೆಯ ಅರ್ಧ ಪಲ್ಯ, ಕೋಸಂಬರಿ ಇರಲಿ ಅನ್ನುತ್ತೇನೆ. ಸಕ್ಕರೆ, ಬೇಕರಿ ಬನ್ನು, ಮೈದಾ ಬಿಸ್ಕತ್ತು ಮಾತ್ರ ಕೈಬಿಟ್ಟೆ.

ಸಂಜೆಗೆ ಒಂದು ಹಿಡಿ ಹುರಿದ ಕಡ್ಲೆಕಾಯಿ ಬೀಜ. ಅಮೆರಿಕದ ನರ್ಸುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ದೊಡ್ಡ ಅಧ್ಯಯನದಲ್ಲಿ, ವಾರಕ್ಕೆ ಸುಮಾರು 140 ಗ್ರಾಂ ಅಥವಾ ಅದಕ್ಕೂ ಹೆಚ್ಚು ಕಡ್ಲೆಕಾಯಿ, ಬಾದಾಮಿಯಂಥ ಬೀಜ ತಿನ್ನುತ್ತಿದ್ದವರಲ್ಲಿ ಪಿತ್ತಕೋಶ ತೆಗೆಸಿಕೊಳ್ಳುವ ಸಂಭವ ಅಪರೂಪಕ್ಕೆ ತಿನ್ನುವವರಿಗಿಂತ ಕಾಲುಭಾಗ ಕಡಿಮೆ ಕಂಡಿತ್ತು. ಕಾಫಿಯ ಬಗ್ಗೆಯೂ ಒಳ್ಳೆಯ ಸುದ್ದಿ. 1999ರಲ್ಲಿ ಹಾರ್ವರ್ಡಿನವರು ಗಂಡಸರ ಮೇಲೆ ಪ್ರಕಟಿಸಿದ್ದರಲ್ಲಿ ದಿನಕ್ಕೆ 2–3 ಕಪ್ ಕುಡಿಯುವವರಿಗೆ ಕಲ್ಲಿನ ತೊಂದರೆ 40% ಕಡಿಮೆ. ಕೆಫೀನ್ ತೆಗೆದ ಕಾಫಿಗೆ ಆ ಗುಣ ಕಾಣಲಿಲ್ಲ. ಇವೆಲ್ಲ ಜೊತೆಜೊತೆಗೆ ಕಂಡುಬಂದ ಸಂಬಂಧಗಳು, ಕಾಫಿಯೇ ಕಾರಣ ಎಂದು ಪ್ರಮಾಣ ಮಾಡುವಂತಿಲ್ಲ. ನಮ್ಮ ಹಾಲು ತುಂಬಿದ ಸಕ್ಕರೆ ಕಾಫಿಗೂ ಅವರ ಕಪ್ಪು ಕಾಫಿಗೂ ದೂರ ಇದೆ ಅನ್ನುವುದೂ ನೆನಪಿರಲಿ. ನಾನು ಡಿಕಾಕ್ಷನ್ ಸ್ಟ್ರಾಂಗ್ ಮಾಡಿ ಸಕ್ಕರೆ ತೆಗೆದೆ, ಮನೆಯಲ್ಲಿ ಅದನ್ನು ಕಷಾಯ ಅನ್ನುತ್ತಾರೆ.

ಮೆಂತ್ಯದ ವಿಚಾರದಲ್ಲಿ ನನಗೆ ಊರಿನ ಅಭಿಮಾನವೂ ಸೇರಿಕೊಳ್ಳುತ್ತದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಇಲಿಗಳಿಗೆ ಕಲ್ಲು ಬರಿಸುವಂಥ ಆಹಾರ ಕೊಟ್ಟು, ಜೊತೆಗೆ ಮೆಂತ್ಯ, ಈರುಳ್ಳಿ, ಬೆಳ್ಳುಳ್ಳಿ ಕೊಟ್ಟು ನೋಡಿದರು. ಕಲ್ಲು ಕಟ್ಟುವುದು ಕಡಿಮೆಯಾಯಿತು. ಆದರೆ ಇಲಿ ಇಲಿಯೇ, ಆ ಆಹಾರದಲ್ಲಿ ಇಟ್ಟಿದ್ದ ಮೆಂತ್ಯದ ಪ್ರಮಾಣ ನಮ್ಮ ಒಗ್ಗರಣೆಯಲ್ಲಿ ಬೀಳುವುದಿಲ್ಲ. ದೋಸೆ ಹಿಟ್ಟಿಗೆ ಒಂದು ಚಮಚ ಜಾಸ್ತಿ ಹಾಕಿ ರುಬ್ಬುತ್ತೇನೆ, ಮೆಂತ್ಯ ಸೊಪ್ಪಿನ ಪಲ್ಯ ಮಾಡುತ್ತೇನೆ, ಅದು ಔಷಧಿ ಅಂತ ಯಾರಿಗೂ ಹೇಳುವುದಿಲ್ಲ. ಕಾಳುಗಳ ವಿಷಯ ಇನ್ನೂ ತಮಾಷೆ. ಚಿಲಿ ದೇಶದಲ್ಲಿ ಈ ಕಲ್ಲು ಬಹಳ. ಅಲ್ಲಿ 1989ರಲ್ಲಿ ಯುವಕರಿಗೆ ಕಾಳು ಹೆಚ್ಚು ತಿನ್ನಿಸಿದಾಗ ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಸಾಂದ್ರತೆ ಏರಿತು. ಹಾಗಂತ ನಾನು ಹುರುಳಿಕಾಳಿನ ಬಸ್ಸಾರು ಬಿಟ್ಟಿಲ್ಲ, ಮಾಂಸಾಹಾರ ಮಾಡದ ಮನೆಯಲ್ಲಿ ಪ್ರೋಟೀನಿಗೆ ಬೇರೆಲ್ಲಿಗೆ ಹೋಗೋದು? ದಿನಾ ಮೂರು ಹೊತ್ತೂ ಕಾಳನ್ನೇ ತಿನ್ನುವುದಿಲ್ಲ, ಅಷ್ಟೇ. ಹಣ್ಣಿಗೆ ಸೀಬೆ, ಕಾಲ ಬಂದಾಗ ನೆಲ್ಲಿಕಾಯಿ. ರಕ್ತದಲ್ಲಿ ಸಿ ವಿಟಮಿನ್ ಚೆನ್ನಾಗಿದ್ದ ಹೆಂಗಸರಲ್ಲಿ ಪಿತ್ತಕೋಶದ ಕಾಯಿಲೆ ಕಡಿಮೆ ಕಂಡದ್ದಿದೆ.

'ಮೇಡಂ, ಬಾಳೆದಿಂಡಿನ ಜ್ಯೂಸ್ ಕುಡೀತಾ ಇದೀನಿ' ಅಂತ ವಾರಕ್ಕೊಬ್ಬರಾದರೂ ಹೇಳುತ್ತಾರೆ. ಅದು ಕಿಡ್ನಿ ಕಲ್ಲಿಗೆ ಹೇಳುವ ಮನೆಮದ್ದು. ಆ ಕಲ್ಲು ಬೇರೆ, ಈ ಕಲ್ಲು ಬೇರೆ, ಇರುವ ಜಾಗವೂ ಬೇರೆ. ಆಲಿವ್ ಎಣ್ಣೆ, ನಿಂಬೆರಸ ಕುಡಿದು ಮಾರನೇ ದಿನ ಹಸಿರು ಉಂಡೆಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸುವವರೂ ಇದ್ದಾರೆ. ಅಂಥ ಉಂಡೆಗಳನ್ನು ಪರೀಕ್ಷಿಸಿ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು: ಒಳಗಿದ್ದದ್ದು ಮುಕ್ಕಾಲು ಪಾಲು ಕೊಬ್ಬಿನಾಮ್ಲ, ಕೊಲೆಸ್ಟ್ರಾಲ್ ಇರಲೇ ಇಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸೋಪಾಗಿ ಹೊರಬಂದದ್ದು.

ಕಲ್ಲು ಆಗಲೇ ಕೂತಿದ್ದು ನೋವು ಬರುತ್ತಿರುವವರಿಗೆ ನನ್ನ ಈ ತಟ್ಟೆ ಹೊಂದುವುದಿಲ್ಲ. ಯಾವ ಸೊಪ್ಪು, ಕಾಳು, ಹಣ್ಣೂ ಅದನ್ನು ಕರಗಿಸುವುದಿಲ್ಲ. ಅವರಿಗೆ ಎಣ್ಣೆಯೂ ಕಾಫಿಯೂ ನೋವು ಕೆರಳಿಸಬಹುದು, ಸರ್ಜನ್ ಹತ್ತಿರ ಮಾತಾಡುವವರೆಗೆ ಕೊಬ್ಬನ್ನು ಕಡಿಮೆ ಮಾಡಿಸುತ್ತೇವೆ. ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಶುರುವಾಗಿ ಬೆನ್ನಿಗೋ ಬಲ ಹೆಗಲಿಗೋ ಹರಿಯುವ ನೋವನ್ನು 'ಗ್ಯಾಸ್ಟ್ರಿಕ್' ಅಂತ ಮಾತ್ರೆ ನುಂಗಿ ತಿಂಗಳುಗಟ್ಟಲೆ ತಳ್ಳಬೇಡಿ, ಒಂದು ಸ್ಕ್ಯಾನಿಂಗ್ ಮಾಡಿಸಿ. ಜೊತೆಗೆ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಅದೇ ದಿನ ಆಸ್ಪತ್ರೆಗೆ ಹೋಗಿ.